ನಕ್ಕು ಹೇಳಿದ ಮಾತು

ನನ್ನ ಮೊದಲ ಪುಸ್ತಕವನ್ನು ಕೈಗಿಟ್ಟಾಗ ಅಮ್ಮ ಅದನ್ನು ಅಂಗೈಯಲ್ಲಿ ತೂಗಿದಳು. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕೈ ಅದು.

"ಕಾಲು ಕೆಜಿ ಮೇಲಿದೆ ಕಣೋ. ಇಷ್ಟೊಂದು ಸುಳ್ಳು ಒಬ್ಬನೇ ಬರೆದ್ಯಾ?"

ಅವಳಿಗೆ ಓದು ಬಾರದು. ಎರಡನೆಯ ಪುಸ್ತಕವನ್ನೂ ತೂಗಿ, ಹಗುರಾಯಿತೆಂದು ಮುಖ ಸಣ್ಣದು ಮಾಡಿದಳು.

ಹಾಗಾಗಿ, ಕೇಳುವ ಕತೆಗಳನ್ನು ತಯಾರಿಸುವ ಕಂಪನಿಯೊಂದು ನನ್ನ ಕತೆಯನ್ನು ನಾನೇ ಓದಬೇಕೆಂದು ಕರೆದಾಗ ನಾನು ಕುಣಿದುಬಿಟ್ಟೆ. ಅಂತೂ ನನ್ನದೊಂದು ಕತೆ ಅಮ್ಮನನ್ನು ಮುಟ್ಟುತ್ತದೆ! ಊರಿಗೆ ಹೋಗಿ ಬಾಗಿಲಲ್ಲೇ "ಅಮ್ಮಾ" ಎಂದು ಕೂಗಿದೆ. ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು. ಭುಜ ಮುಟ್ಟಿದ ಮೇಲಷ್ಟೇ ತಿರುಗಿದಳು. ಗಿರಣಿ ಅವಳ ಕಿವಿಗಳನ್ನು ವರ್ಷಕ್ಕಿಷ್ಟರಂತೆ ಬೀಸಿ ಮುಗಿಸಿತ್ತು; ಖುಷಿಯಲ್ಲಿ ನಾನದನ್ನು ಮರೆತೇಬಿಟ್ಟಿದ್ದೆ. ಡಾಕ್ಟರು ಕೊಟ್ಟ ಯಂತ್ರ ಬರೀ ಗುಂಯ್‌ಗುಡುತ್ತದೆಂದು ಡಬ್ಬಿಗೆ ಹಾಕಿಟ್ಟಿದ್ದಳು.

ನನ್ನ ಅಣಕುವಿದ್ಯೆ ಹುಟ್ಟಿದ್ದೂ ಅದೇ ಗಿರಣಿಯ ಗದ್ದಲದಲ್ಲಿ. ಬೆಲ್ಟು ತಿರುಗುವಾಗ ಅಲ್ಲಿ ಮಾತು ಕೇಳುತ್ತಿರಲಿಲ್ಲ. ಯಾರು ಬಂದರು, ಯಾರು ಜಗಳವಾಡಿದರು ಎಂಬುದನ್ನೆಲ್ಲ ಅಮ್ಮ ಮುಖದಲ್ಲೇ ಆಡಿ ತೋರಿಸುತ್ತಿದ್ದಳು. ಕಾಲೇಜಿನಲ್ಲಿ ಮೇಷ್ಟ್ರುಗಳನ್ನು ಅಣಕಿಸಿ ನಾನು ಗಿಟ್ಟಿಸಿದ ಚಪ್ಪಾಳೆಯಲ್ಲಿ ಅರ್ಧ ಅವಳದೇ.

ರೆಕಾರ್ಡಿಂಗ್ ದಿನ ಅವಳನ್ನೂ ಕರೆದೊಯ್ದೆ. ಗಾಜಿನಾಚೆ, ರೆಕಾರ್ಡಿಂಗ್ ಮಾಡುವವನ ಪಕ್ಕ ಕೂತಳು; ಇಡೀ ದಿನ ಹೆಡ್‌ಫೋನಿನಲ್ಲೇ ಬದುಕುವ ಅವನಿಗೆ ನಾನಿಟ್ಟ ಹೆಸರು ಕಿವಿಯಣ್ಣ. ಕತೆ ಗಿರಣಿಯ ಯಜಮಾನನದು. ತನಗೆ ಕಿವಿ ಮಂದವಾಗುತ್ತಿದೆ ಎಂದು ಕೆಲಸದಾಕೆ ಹೇಳಿದಾಗ ಅವನು, "ಬೀಸೋಕೆ ಕಿವಿ ಯಾಕೆ? ಕೈ ಇದೆಯಲ್ಲ!" ಎಂದು ಗದರುತ್ತಾನೆ.

"ಅಲ್ಲಾಡಬೇಡಿ ಸಾರ್, ಅಂಗಿ ಸದ್ದು ಬರುತ್ತೆ" ಎಂದ ಕಿವಿಯಣ್ಣ.

ಕಂಬದಂತೆ ನಿಂತು ಮೂರು ಸಲ ಓದಿದೆ.

"ತಪ್ಪಿಲ್ಲ ಸಾರ್. ಆದ್ರೆ ನಿಮ್ಮ ಯಜಮಾನ ವಾರ್ತೆ ಓದ್ತಿದಾನೆ."

ಅಮ್ಮ ತೂಕಡಿಸುತ್ತಿದ್ದಳು. ಸದ್ದು ಅಂಗಿಯದು ತಾನೇ? ಕಳಚಿಟ್ಟು ಬನಿಯನ್ನಿನಲ್ಲಿ ನಿಂತೆ. ಕಿವಿಯಣ್ಣ ನಗು ತಡೆಯಲಾರದೆ ಅಮ್ಮನನ್ನು ಎಬ್ಬಿಸಿದ. ಹುಬ್ಬು ಗಂಟಿಕ್ಕಿ, ಬಾಯಿ ಬಲಕ್ಕೆ ಸೊಟ್ಟಗೆ ಮಾಡಿ, ಹಿಟ್ಟಿನ ಕೈ ಕೊಡವುತ್ತ ಆ ಮಾತು ಹೇಳಿದೆ. ಅಮ್ಮ ನನ್ನ ತುಟಿಗಳನ್ನೇ ನೋಡುತ್ತ ಮುಂದಕ್ಕೆ ಬಾಗಿದಳು. ಎದ್ದು ಬಂದು ಬಾಗಿಲು ತೆರೆದೇಬಿಟ್ಟಳು. ಟೇಕ್ ಹಾಳಾಯಿತು.

"ನಂಗೆ ಹೇಳಿದ ಮಾತಲ್ವೇನೋ ಇದು? ನಿಂಗೆ ಹೇಗೆ ಗೊತ್ತು?"

ಅವತ್ತು ನಾನು ಗಿರಣಿಯ ಬಾಗಿಲಲ್ಲೇ ನಿಂತಿದ್ದೆ; ಬೆಲ್ಟು ನಿಂತಿತ್ತು, ಮಾತು ಕೇಳಿಸಿತು. ಕಂಡದ್ದು ಯಜಮಾನನ ಬೆನ್ನು ಮಾತ್ರ. ಇದನ್ನು ಸನ್ನೆಯಲ್ಲಿ ಹೇಳಿದೆ.

"ಅದಿಕ್ಕೇ ತಪ್ಪಿದೀಯ. ಬಾಯಿ ಎಡಕ್ಕೆ. ಬಲಗಡೆ ಅವನಿಗೆ ಹಲ್ಲೆಲ್ಲಿತ್ತು?" ಸ್ವಲ್ಪ ತಡೆದು, ದನಿ ಇಳಿಸದೆ ಹೇಳಿದಳು: "ಮತ್ತೆ, ಅವನು ಗದರಲಿಲ್ಲ ಕಣೋ. ನಕ್ಕು ಹೇಳಿದ. ತಮಾಷೆಗೆ. ನಾನೂ ನಕ್ಕೆ."

ಕಿವಿಯಣ್ಣ ತಲೆ ತಗ್ಗಿಸಿದ. ಅಮ್ಮ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.

ಬಾಯಿ ಎಡಕ್ಕೆ ಎಳೆದು, ಸಂಬಂಧಿಕರನ್ನು ಮಾತಾಡಿಸುವಂತೆ ನಗುತ್ತ ಹೇಳಿದೆ: "ಬೀಸೋಕೆ ಕಿವಿ ಯಾಕೆ? ಕೈ ಇದೆಯಲ್ಲ!"

ಕಿವಿಯಣ್ಣ ಹೆಬ್ಬೆರಳು ಎತ್ತಲೂ ಮರೆತಿದ್ದ. ಅಮ್ಮ ತನ್ನೆರಡು ಕೈಗಳನ್ನು ನೋಡಿಕೊಂಡಳು. ಆಮೇಲೆ ಮುಖವೆತ್ತಿ, ಅವನೇ ಇವನು ಎಂಬಂತೆ ತಲೆಯಾಡಿಸಿದಳು.

ಗಾಜಿನಾಚೆ ಅವಳ ತುಟಿ ಅಲುಗಿತು. ಈಗ ಕೇಳದವನು ನಾನು. ಮುಖ ನೋಡಿ ಓದಿಕೊಂಡೆ.

"ಹೂಂ. ಆಮೇಲೆ?"