ಆಮೇಲೆ ಅತ್ತೆಯ ಸರದಿ

"ಆ ತುದಿ ಹಿಡ್ಕೊಳಮ್ಮ," ಎಂದು ತೀರಿಹೋದ ತಾಯಿಯ ಲಾಂಡ್ರಿಯ ಗೆಳತಿ, ದೇಹದ ಮೇಲಿನ ಬಿಳಿ ಹೊದಿಕೆಯ ಒಂದು ಮೂಲೆಯನ್ನು ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ತಾನೇ ಜಗ್ಗಿ ಸರಿಮಾಡಿದಳು. "ಇದೇನು ಇಸ್ತ್ರಿ ಮಾಡಿದ್ದೋ, ಮೇಲೆ ಕೂತು ಎದ್ದಿದ್ದೋ? ಯಾರು ಕೊಟ್ಟಿದ್ದು?"

"ಆಸ್ಪತ್ರೆಯವರೇ."

"ಅಂದ್ಕೊಂಡೆ. ನಿಮ್ಮಮ್ಮ ಇದ್ದಾಗ ಇಂಥದ್ದು ಬಾಗಿಲು ದಾಟ್ತಿರಲಿಲ್ಲ."

ತಾಯಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು, ಹಿಂಡಿ, ಮಡಿಚಿ ನಿವೃತ್ತಳಾದವಳು. ನೆಂಟರ ಬಾಯಲ್ಲಿ ಮಾತ್ರ ಅವಳು 'ಆಮೇಲೆ ಅತ್ತೆ'. ಕೆಲಸ ಬಿಟ್ಟ ಮೇಲೆ ವಂಶದ ಚರಿತ್ರೆ ಹುಡುಕುವ ಗೀಳು ಹತ್ತಿ, ಸಿಕ್ಕಿದವರನ್ನೆಲ್ಲ ಕೂರಿಸಿಕೊಂಡು, ಫೋನಿನಲ್ಲಿ ರೆಕಾರ್ಡ್ ಒತ್ತಿ, "ಹೂಂ, ಆಮೇಲೆ?" ಎನ್ನುತ್ತಿದ್ದಳು. ಅವಳನ್ನು ಕಂಡು ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದವರೂ ಇವತ್ತು ಬಂದು ಗೋಡೆಗೊರಗಿ ಕೂತಿದ್ದರು.

ಚಿಕ್ಕಪ್ಪನ ಹೆಂಡತಿ ಮಗಳ ಭುಜ ಮುಟ್ಟಿದಳು. "ಗಾಡಿ ಬಂದಿದೆ. ಎತ್ತೋಕೆ ಮುಂಚೆ ಅಮ್ಮನ ಬಗ್ಗೆ ನಾಲ್ಕು ಮಾತಾಡು. ಅಷ್ಟೂ ಬೇಡ್ವಾ?"

"ಏನು ಹೇಳ್ಲಿ ಚಿಕ್ಕಮ್ಮ? ಮುತ್ತಾತ ಯಾವ ಬಾವಿಗೆ ಬಿದ್ದ ಅಂತ ಗೊತ್ತು. ಅಮ್ಮ ಲಾಂಡ್ರಿಗೆ ಸೇರೋಕೆ ಮುಂಚೆ ಏನು ಮಾಡ್ತಿದ್ಲು ಅಂತ ಗೊತ್ತಿಲ್ಲ."

"ನಾನು ಈ ಮನೆಗೆ ಬಂದಾಗ್ಲೇ ಅವಳು ಲಾಂಡ್ರೀಲಿದ್ಲು. ನಿಮ್ಮಾವನ್ನ ಕೇಳು."

ಮಾವ, ತಾಯಿಯ ಅಣ್ಣ, ಪ್ರಯಾಣದ ದಣಿವಿಗೆ ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಅಲುಗಿಸಿದರೆ ಅರ್ಧ ಕಣ್ಣು ತೆರೆದ. "ನನ್ನ ಹತ್ರ ನಮ್ಮ ಪುಟ್ಟಿ ಕೇಳಿದ್ದೆಲ್ಲ ತಾತಂದು, ಮುತ್ತಾತಂದು. ಅವಳದ್ದು... ತಲೆ ಓಡ್ತಿಲ್ಲಮ್ಮ." ಮತ್ತೆ ಗದ್ದ ಎದೆಗೆ ಬಿತ್ತು.

*

ಹಿಂದೊಮ್ಮೆ, ವಂಶಾವಳಿ ಹುಡುಕುವುದನ್ನು ಕಲಿಸುವ ಸಮ್ಮೇಳನಕ್ಕೆ ತಾಯಿ ಹಟ ಹಿಡಿದು ಹೊರಟಿದ್ದಳು. ಬಸ್ಸಿನಲ್ಲಿ ಒಬ್ಬಳನ್ನೇ ಕಳಿಸಲಾರದೆ ಮಗಳು ರಾತ್ರಿ ಪಾಳಿ ಮುಗಿಸಿ ಹಾಗೇ ಜೊತೆಗೆ ಹೋದಳು. ಸಭಾಂಗಣದ ತುಂಬ ನರೆತ ತಲೆಗಳು.

"ಸತ್ತವರು ಎಲ್ಲೂ ಓಡಿಹೋಗಲ್ಲ," ಎಂದರು ವೇದಿಕೆಯ ಮೇಲಿನ ಮೇಷ್ಟ್ರು. "ಬದುಕಿರೋರನ್ನ ಮೊದಲು ಕೇಳಿ." ಪಕ್ಕದಲ್ಲಿ ಕೂತವರನ್ನೇ ಸರದಿಯ ಮೇಲೆ ಪ್ರಶ್ನಿಸುವ ಅಭ್ಯಾಸವನ್ನೂ ಕೊಟ್ಟರು.

ತಾಯಿ ಮಗಳ ಕಡೆ ತಿರುಗಿ ಕೂತಳು. ತನಗೆ ಗೊತ್ತಿದ್ದ ಸಂಗತಿಗಳನ್ನೂ ಹೊಸದೆಂಬಂತೆ ಕೇಳಿದಳು. ಮಗಳು ನಿದ್ದೆಗಣ್ಣಲ್ಲೇ ಶುರುಮಾಡಿ, ಯಾರಿಗೂ ಹೇಳದ ಒಂದೆರಡನ್ನೂ ಹೇಳಿಬಿಟ್ಟಳು.

"ಈಗ ನಿನ್ನ ಸರದಿ. ಹೇಳಮ್ಮ," ಎಂದು ಆಕಳಿಸಿದಳು.

ಹೊರಗೆ ಲೋಟಗಳ ಸದ್ದಾಯಿತು. ತಾಯಿ ಚಪ್ಪಲಿ ಕಳಚಿ ಊದಿದ ಪಾದ ತಿಕ್ಕಿಕೊಳ್ಳುತ್ತಿದ್ದಳು.

"ನಂದೇನು, ಮನೇಲೇ ಇರ್ತೀನಲ್ಲ, ಯಾವಾಗ್ಲಾದ್ರೂ ಕೇಳ್ಕೋ. ನಡಿ, ಟೀ ಆರಿಹೋಗತ್ತೆ."

*

ಮಗಳು ಎದ್ದು ನಿಂತಳು. ಎಲ್ಲರೂ ತಲೆಯೆತ್ತಿದರು.

"ಅಮ್ಮ..." ಎಂದಳು. ಯಾರೋ ಕೆಮ್ಮಿದರು. ಅವಳು ಕಪಾಟಿನ ಮೇಲಿದ್ದ ತಾಯಿಯ ಫೋನು ತಂದು, ರೆಕಾರ್ಡ್ ಒತ್ತಿ, ಲಾಂಡ್ರಿಯ ಗೆಳತಿಯ ಮುಂದೆ ನೆಲದ ಮೇಲಿಟ್ಟು ಕೂತುಬಿಟ್ಟಳು.

"ನೀವು ಅಮ್ಮನ್ನ ಮೊದಲು ನೋಡಿದ್ದೆಲ್ಲಿ?"

"ಇದೇನೇ ಇದು, ಗಾಡಿ ಕಾಯ್ತಿದೆ," ಎಂದಳು ಚಿಕ್ಕಮ್ಮ.

"ಕಾಯ್ಲಿ ಬಿಡಿ," ಎಂದಿತು ಗೋಡೆಯ ಬದಿಯ ಒಂದು ದನಿ. "ಆಮೇಲೆ ಅತ್ತೆ ಮುಂದೆ ಕೂತು ಬೇಗ ಎದ್ದವರುಂಟಾ?"

ಗೆಳತಿ ಫೋನನ್ನು ನೋಡಿದಳು, ಹೊದಿಕೆಯನ್ನು ನೋಡಿದಳು. "ನೆಲಮಾಳಿಗೆ ಮೆಟ್ಟಿಲ ಮೇಲೆ. ನಾನು ಕೆಲಸಕ್ಕೆ ಹೊಸಬಳು. ಒದ್ದೆ ಬಟ್ಟೆ ಗಂಟು ಹೊರಲಾರದೆ ಅಳ್ತಾ ಕೂತಿದ್ದೆ. ಪಕ್ಕ ಬಂದು ಕೂತ್ಲು. ಸಮಾಧಾನ ಗಿಮಾಧಾನ ಏನಿಲ್ಲ, ತನ್ನ ಕತೆ ತೆಗೆದ್ಲು. ಮುಂಚೆ ದೊಡ್ಡ ಬಟ್ಟೆ ಅಂಗಡೀಲಿ ಗೊಂಬೆಗಳಿಗೆ ಬಟ್ಟೆ ತೊಡಿಸ್ತಿದ್ಲಂತೆ. ಗಾಜಿನ ಒಳಗೆ ನಿಂತು ರಸ್ತೆ ನೋಡ್ತಿದ್ರೆ ಊರೆಲ್ಲ ತನ್ನದೇ ಅನ್ಸೋದಂತೆ." ಅವಳು ಹೊದಿಕೆಯ ಅಂಚನ್ನು ಮತ್ತೊಮ್ಮೆ ಜಗ್ಗಿದಳು.

"ಹೂಂ," ಎಂದಳು ಮಗಳು. "ಆಮೇಲೆ?"

ಮೂಲೆಯಲ್ಲಿ ಮಾವ ಕಣ್ಣು ಮುಚ್ಚಿಕೊಂಡೇ ಗೊಣಗಿದ. "ಆಮೇಲೇನು ಪುಟ್ಟಿ, ಅಂಗಡಿ ಮುಚ್ಚಿದ್ರು. ನೀನು ಒಂದು ಗೊಂಬೆ ಕೈ ಹೊತ್ಕೊಂಡು ಅಳ್ತಾ ಮನೆಗೆ ಬಂದೆ. ನಿನ್ನ ಕತೇನೂ ನನ್ನನ್ನೇ ಕೇಳ್ತೀಯಾ?"

ಎಲ್ಲರೂ ಅವನ ಕಡೆ ತಿರುಗಿದರು. ಮಾವ ಕಣ್ಣು ಬಿಟ್ಟ. ಮಗಳನ್ನು ನೋಡಿದ. ಸುಕ್ಕುಗಟ್ಟಿದ ಬಿಳಿ ಹೊದಿಕೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡ.