ಹತ್ತುವ ಕಾಲು

“ತುದಿ ಇನ್ನೊಂಚೂರು ಎತ್ತಿ, ಮೇಸ್ತ್ರಿ,” ಎಂದ ಮೇಕೆ, ಇಳಿಜಾರು ಹಲಗೆಯ ನೆತ್ತಿಯಲ್ಲಿ ಕಂಬಿ ಹಿಡಿದು ನಿಂತು.

ಕೃತಕ ಕಾಲು ಮಾಡುವ ಮೇಸ್ತ್ರಿ ಮೇಲೆ ಹೋಗಿ ಅವನ ಹೊಸ ಕಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಉಕ್ಕಿನ ಕೊಳವೆ ಬಂದು ರಬ್ಬರಿನ ಪಾದಕ್ಕೆ ಸೇರುವಲ್ಲಿ ಸಣ್ಣ ತಿರುಪುಗಳಿವೆ. ಒಂದನ್ನು ಸಡಿಲಿಸಿ ಎದುರಿನದನ್ನು ಬಿಗಿದರೆ ಪಾದದ ತುದಿ ಮೇಲೇಳುತ್ತದೆ. ಗುಡ್ಡ ಹತ್ತುವವನಿಗೆ ಅದು ಹಿತ. ಆದರೆ ದೇವರು ಕೊಟ್ಟ ಕಾಲಿನಂತೆ ಇದು ಬೇಕಾದಂತೆ ಮಣಿಯುವುದಿಲ್ಲ, ಕೂರಿಸಿದ ಹಾಗೆಯೇ ಕೂತಿರುತ್ತದೆ. ತುದಿ ಎದ್ದ ಪಾದದಲ್ಲಿ ಇಳಿಯಲು ಹೋದರೆ, ಹಿಮ್ಮಡಿ ಊರಿದ ಕೂಡಲೇ ಮಂಡಿ ಮುಂದಕ್ಕೆ ಮಡಚಿಕೊಂಡು ಆಳು ಮುಗ್ಗರಿಸುತ್ತಾನೆ. ಅದಕ್ಕೇ ಬರೀ ಹತ್ತಿದ್ದು ನೋಡಿ ಮೇಸ್ತ್ರಿ ಯಾರಿಗೂ ಕಾಲು ಕೊಟ್ಟವನಲ್ಲ. ಅಂಗಳದ ಈ ಹಲಗೆಯಿಂದ ಕಂಬಿ ಬಿಟ್ಟು ಇಳಿದು ಬಂದವರಿಗೆ ಮಾತ್ರ ಕೊಡುತ್ತಿದ್ದ.

ಮೇಕೆ ಅನ್ನುವುದು ಊರವರು ಇಟ್ಟ ಹೆಸರು. ಬಂಡೆ ಹತ್ತುವವರಿಗೆ ದಾರಿ ತೋರಿಸುವುದು ಅವನ ಕೆಲಸವಾಗಿತ್ತು. ಹೋದ ವರ್ಷ ಕಲ್ಲು ಜರಿದು ಮಂಡಿಯ ಕೆಳಗೆ ಅವನ ಕಾಲು ಜಜ್ಜಿಹೋಯಿತು. ಹಗ್ಗದ ಇನ್ನೊಂದು ತುದಿಯಲ್ಲಿ ಅವನ ಬಾಮೈದ ಇದ್ದ. ಆ ಹುಡುಗ ಬದುಕಲಿಲ್ಲ.

ಆಮೇಲೆ ಬಹಳ ಕಾಲ ಮೇಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನಂತೆ. ಒಂದು ಬೆಳಿಗ್ಗೆ ತಾನಾಗಿಯೇ ಎದ್ದು ಕೂತು, ಗುಡ್ಡ ಹತ್ತುವಂಥ ಕಾಲು ಬೇಕು ಅಂದನಂತೆ. ಅಳತೆ ಕೊಡಲು ಬಂದ ದಿನ ಅವನ ಹೆಂಡತಿ ಇದನ್ನೆಲ್ಲ ಮೇಸ್ತ್ರಿಗೆ ಹೇಳಿದ್ದಳು. ಈಗ ಎರಡು ಹೊತ್ತೂ ಸರಿಯಾಗಿ ಊಟ ಮಾಡುತ್ತಾರೆ, ರಾತ್ರಿ ನಿದ್ದೆಯೂ ಬರುತ್ತದೆ ಎಂದು ಹೇಳುವಾಗ ಅವಳ ಮುಖ ಅರಳಿತ್ತು. ಮೇಸ್ತ್ರಿಗೂ ಹುರುಪು ಬಂದಿತ್ತು. ಕಲ್ಲಿನ ಮೇಲೆ ಜಾರದಿರಲೆಂದು ಹಳೇ ಟೈರು ಕೊಯ್ದು ತಾನೇ ಅಟ್ಟೆ ಅಂಟಿಸಿದ್ದ.

ಇವತ್ತು ಮೇಕೆ ಹಲಗೆ ಹತ್ತಿದ್ದನ್ನು ನೋಡಿದರೆ ಹೆಸರು ಸುಮ್ಮನೆ ಬಂದದ್ದಲ್ಲ ಅನಿಸುವಂತಿತ್ತು. ಆದರೆ ಪ್ರತಿ ಸಲವೂ ಹಿಂಬದಿಯ ಮೆಟ್ಟಿಲುಗಳಲ್ಲಿ ಕಂಬಿ ಹಿಡಿದು, ಅಡ್ಡಡ್ಡ ಕಾಲಿಟ್ಟು ಕೆಳಗೆ ಬರುತ್ತಿದ್ದ. ಹಲಗೆಯ ಮೇಲೆ ಇಳಿಯಲು ಒಮ್ಮೆಯೂ ನೋಡಲಿಲ್ಲ.

“ಇಷ್ಟೇ ಕಣಯ್ಯ. ಇನ್ನೂ ಎತ್ತಿದ್ರೆ ಇಳಿಯೋಕಾಗಲ್ಲ,” ಎಂದ ಮೇಸ್ತ್ರಿ.

“ಪರವಾಗಿಲ್ಲ. ಹತ್ತೋಕೆ ಆದ್ರೆ ಸಾಕು.”

ಕೆಳಗೆ ನಿಂತಿದ್ದ ಹೆಂಡತಿ ನಕ್ಕಳು. “ಕೇಳಿದ್ರಾ ಮೇಸ್ತ್ರಿಗಳೇ? ಹತ್ತಿ ಅಲ್ಲೇ ಕೂತ್ರೆ ದಿನಾ ಬುತ್ತಿ ಹೊತ್ಕೊಂಡು ಯಾರು ಬರ್ತಾರೆ? ನಾನಂತೂ ಬರಲ್ಲಪ್ಪ.”

ಮೇಕೆ ನಗಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಎತ್ತಲೋ ನೋಡುತ್ತ ಕಂಬಿಯನ್ನು ಸವರುತ್ತಿದ್ದ.

ತಿರುಪಿನ ಮೇಲಿದ್ದ ಮೇಸ್ತ್ರಿಯ ಕೈ ನಿಂತಿತು. ಕೆಳಗೆ ಅವಳ ನಗು ಒಂದು ಗಳಿಗೆ ತುಟಿಯ ಮೇಲೇ ಉಳಿದು, ಆಮೇಲೆ ಎಲ್ಲಿ ಹೋಯಿತೋ. ಅವಳು ಗಂಡನ ಮುಖ ನೋಡಿದಳು. ಪಾದ ನೋಡಿದಳು. ಮತ್ತೆ ಮುಖ ನೋಡಿದಳು. ಊಟ ಮಾಡಿದ್ದಕ್ಕೆ, ನಿದ್ದೆ ಬಂದಿದ್ದಕ್ಕೆಲ್ಲ ಈಗ ಬೇರೆಯೇ ಅರ್ಥ ಬಂದಂತಿತ್ತು.

“ತಮ್ಮ ಹೋದ ಅಂತ ಅಮ್ಮಂಗೆ ಹೇಳಿದ್ದು ನಾನು,” ಎಂದಳು. ದನಿ ಏರಲಿಲ್ಲ. “ನಿಮ್ಮದನ್ನೂ ನಾನೇ ಹೋಗಿ ಹೇಳ್ಬೇಕಾ?”

ಅವನು ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಮೇಸ್ತ್ರಿ ಯಾರನ್ನೂ ಕೇಳದೆ ತಿರುಪನ್ನು ಹಿಂದಕ್ಕೆ ತಿರುಗಿಸಿದ. ಎದ್ದಿದ್ದ ತುದಿ ನಿಧಾನವಾಗಿ ಕೆಳಗೆ ಬಂತು. ಇನ್ನು ಹತ್ತುವುದೂ ಕಷ್ಟ, ಇಳಿಯುವುದೂ ಕಷ್ಟ, ಆದರೆ ಎರಡೂ ಆದೀತು. ಆಮೇಲೆ ಅವನು ಮೆಟ್ಟಿಲ ಕಡೆಗೆ ಹೋಗಿ, ಅಲ್ಲಿ ದಾರಿ ಇಲ್ಲದ ಹಾಗೆ ಕೂತುಬಿಟ್ಟ.

“ಈ ಕಡೆಯಿಂದಲೇ ಬನ್ನಿ,” ಎಂದಳು ಅವಳು, ಹಲಗೆಯ ಬುಡಕ್ಕೆ ಬಂದು ನಿಂತು.

ಕೊನೆಗೆ ಮೇಕೆ ಕಂಬಿ ಬಿಟ್ಟು, ರಬ್ಬರಿನ ಪಾದವನ್ನು ಮುಂದಿಟ್ಟ. ಮಂಡಿ ಗಡಗಡ ನಡುಗಿತು. ಅವಳು ಕೈ ಚಾಚಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಹೆಣೆದುಕೊಂಡು ನಿಂತಿದ್ದಳು. ಮೇಲೆ ಕೂತ ಮೇಸ್ತ್ರಿಗೆ ಅವಳ ಮೊಣಕೈಗಳಷ್ಟೇ ಕಾಣುತ್ತಿದ್ದವು, ಅವೂ ನಡುಗುತ್ತಿದ್ದವು.