ಬಾಗಿಲ ಮೇಲಿನ ಕೆಂಪು ದೀಪ

ನೃತ್ಯದ ಕೊನೆಗೆ ಇಪ್ಪತ್ನಾಲ್ಕು ಗಿರಕಿ ಹೊಡೆದೂ ತಲೆ ಸುತ್ತದ ಗುಟ್ಟು ಅಕ್ಕನಿಗೆ ಗೊತ್ತಿತ್ತು. ಮೈ ಎಷ್ಟೇ ತಿರುಗಲಿ, ಪ್ರತಿ ಸುತ್ತಿಗೂ ಕಣ್ಣು ಬಂದು ಸೇರಬೇಕಾದದ್ದು ಸಭಾಂಗಣದ ಹಿಂಬಾಗಿಲ ಮೇಲಿನ ಕೆಂಪು ದೀಪಕ್ಕೆ. ತಂಗಿಗೂ ಎಂಟರ ವಯಸ್ಸಿನಲ್ಲೇ, ಅಡುಗೆಮನೆಯ ಗೂಡಿನಲ್ಲಿ ಬೆಂಕಿಪೊಟ್ಟಣ ಇಟ್ಟು, ಇದನ್ನೇ ಕಲಿಸಿದ್ದಳು. ಇಪ್ಪತ್ತು ವರ್ಷ ಆ ದೀಪ ಕೈಕೊಟ್ಟಿರಲಿಲ್ಲ.

ಕಳೆದ ವಾರ ಕೈಕೊಟ್ಟಿತು. ಕೊನೆಯ ಗಿರಕಿ ಮುಗಿಸಿ ಅಕ್ಕ ಠೀವಿಯಿಂದ ತಲೆಬಾಗಿದ್ದು ಜನರಿಗಲ್ಲ, ಪಕ್ಕದ ಪರದೆಯ ಮರೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ದರ್ಜಿಗೆ. ಅವನೂ ಪಾಪ, ಗಡಬಡಿಸಿ ಎದ್ದು ತಲೆಬಾಗಿದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

"ಸಾಕಮ್ಮ, ಇನ್ಮೇಲೆ ಗಿರಕಿ ನಿಮ್ಮ ತಂಗಿಗೆ ಬಿಡಿ," ಎಂದ ಮ್ಯಾನೇಜರು.

ಅಂದು ಮಧ್ಯಾಹ್ನವೇ ಎಲೆಕ್ಟ್ರಿಷಿಯನ್ ಆ ದೀಪವನ್ನು ವೇದಿಕೆಯ ಮಗ್ಗುಲ ಬಾಗಿಲಿಗೆ ಹಾಕಿದ್ದ. ಅಕ್ಕ ಹೋಗಿ ತರಾಟೆಗೆ ತೆಗೆದುಕೊಂಡಳು.

"ನನ್ನ ಯಾಕಮ್ಮ ಬೈತೀರಾ? ಏಣಿ ಹಿಡ್ಕೊಂಡಿದ್ದೇ ನಿಮ್ಮ ತಂಗಿ. 'ಅಕ್ಕಂಗೆ ನಾನೇ ಹೇಳ್ತೀನಿ' ಅಂದ್ರು."

ಅಕ್ಕ ಹೋಗಿ ಕೇಳಿದ್ದಕ್ಕೆ ತಂಗಿ ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ ಅಕ್ಕ, ನಾಲಿಗೆ ತುದೀಲೇ ಇತ್ತು, ಮರೆತೇಹೋಯ್ತು."

"ತುದೀಲಿದ್ದಿದ್ದನ್ನ ನುಂಗಿಬಿಟ್ಯಾ?"

"ನೀನೊಬ್ಳು! ನಂಗೆ ಆ ದೀಪದ ಸಹವಾಸವೇ ಬೇಡ. ಬಿಳಿ ಬಟ್ಟೆ ಹಾಕ್ಕೊಂಡು ಮುಂದಿನ ಸಾಲಲ್ಲಿ ಸರಿಯಾಗಿ ನಡುವೆ ಕೂತ್ಕೋ. ನಿನ್ನೇ ನೋಡ್ಕೊಂಡು ತಿರುಗ್ತೀನಿ."

ಅಕ್ಕ ತಟ್ಟನೆ ಒಪ್ಪಿದಳು. ಇಪ್ಪತ್ತು ವರ್ಷ ತಾನು ಕುಣಿದ ಸಭಾಂಗಣದಲ್ಲೇ ತನ್ನನ್ನು ಬೆಂಕಿಪೊಟ್ಟಣದಂತೆ ಕೂರಿಸುವವಳಿಗೆ ತಕ್ಕ ಉತ್ತರ ಅವಳಿಗೆ ಆಗಲೇ ಹೊಳೆದಿತ್ತು.

ಪ್ರದರ್ಶನದ ದಿನ ಎಣಿಸುತ್ತ ಕುಳಿತಳು. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಕ್ಕೆ ಸದ್ದಿಲ್ಲದೆ ಎದ್ದು, ದರ್ಜಿ ಕೂರುವ ಬದಿಯ ಗೋಡೆಯ ಕಡೆ ಸರಿದು ನಿಂತಳು. ಇನ್ನು ನಾಲ್ಕೇ ಸುತ್ತು. ಆಮೇಲೆ ತಂಗಿಯೂ ದರ್ಜಿಯೂ ಮರ್ಯಾದೆ ವಿನಿಮಯ ಮಾಡಿಕೊಳ್ಳಲಿ.

ಇಪ್ಪತ್ನಾಲ್ಕನೆಯದಕ್ಕೆ ತಂಗಿ, ಗೆರೆ ಎಳೆದಂತೆ, ಜನರಿಗೆ ಎದುರಾಗಿ ನಿಂತು ತಲೆಬಾಗಿದಳು.

ಅಕ್ಕ ಹಿಂದಿರುಗಿ ನೋಡಿದಳು. ಹಿಂಬಾಗಿಲ ಮೇಲೆ, ಹಳೆಯ ಜಾಗದಲ್ಲೇ, ಕೆಂಪು ದೀಪ ಉರಿಯುತ್ತಿತ್ತು. ಈ ಸಲ ಏಣಿ ಹಿಡಿದವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ.

"ನೋಡ್ರೀ, ಕಲಿಸಿದವ್ರೇ ಎದ್ದು ನಿಂತುಬಿಟ್ರು! ಏನು ದೊಡ್ಡ ಮನಸ್ಸು!" ಎನ್ನುತ್ತ ಎರಡನೇ ಸಾಲಿನ ಹೆಂಗಸೊಬ್ಬಳು ಎದ್ದಳು. ಅವಳ ಹಿಂದೆ ಸಾಲು ಸಾಲೇ ಎದ್ದಿತು. ಚಪ್ಪಾಳೆ ಚಾವಣಿ ಮುಟ್ಟಿತು. ವೇದಿಕೆಯಿಂದ ತಂಗಿ ಅಕ್ಕನ ಕಡೆಗೆ ತಿರುಗಿ, ಅವಳಿಗೆಂದೇ ಇನ್ನೊಮ್ಮೆ ತಲೆಬಾಗಿದಳು.

ಇಡೀ ಸಭಾಂಗಣ ತನ್ನನ್ನೇ ನೋಡುತ್ತಿರುವಾಗ ಅಕ್ಕ ಇನ್ನೇನು ಮಾಡಿಯಾಳು? ಅವಳೂ ಚಪ್ಪಾಳೆ ತಟ್ಟಿದಳು. ಎಲ್ಲರಿಗಿಂತ ಜೋರಾಗಿ.